ಹುಬ್ಬಳ್ಳಿಯಲ್ಲಿ ಬೈಕ್ ಕೊಂಡದ್ದು, ಸರ್ವಿಸ್ ಮಾಡಿಸಿದ್ದು: ಡೀಲರನ್ನು ಎಲ್ಲಿಯವರೆಗೆ ನಂಬಬಹುದು?

ಅಣ್ಣಿಗೇರಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನನ್ನ ಕೆಲಸ, ಮನೆ ಹುಬ್ಬಳ್ಳಿಯಲ್ಲಿ. ಗದಗ ರಸ್ತೆಯಲ್ಲಿ ದಿನನಿತ್ಯ ಹೋಗಿಬರಲು ತಂದೆಯವರ ಹಳೆಯ ಹೀರೊ ಹೋಂಡಾ ಸ್ಪ್ಲೆಂಡರ್ ಇನ್ನು ಸಾಲದು ಎನಿಸಿದಾಗ, 2023ರ ದಸರೆಯ ಹೊತ್ತಿಗೆ 160 ಸಿಸಿಯ ಹೊಸ ಮೋಟಾರ್‌ಸೈಕಲ್ ಕೊಂಡೆ. ಅಂದಿನಿಂದ ಅದರ ಸರ್ವಿಸ್ ಕೂಡ ಅದೇ ಡೀಲರರ ವರ್ಕ್‌ಶಾಪಿನಲ್ಲೇ ನಡೆದಿದೆ. ಕೊಳ್ಳುವ ಮೊದಲು ಪರಿಚಯದವರಿಂದ ಎರಡು ಬಗೆಯ ಮಾತು ಕೇಳಿದ್ದೆ. ಶೋರೂಮ್ ಎಂದರೆ ಕಂಪನಿಯೇ, ಅಲ್ಲಿ ಕಣ್ಣು ಮುಚ್ಚಿಕೊಂಡು ವ್ಯವಹಾರ ಮಾಡಬಹುದು ಎಂದು ಕೆಲವರು ಹೇಳಿದರೆ, ಅಲ್ಲಿ ಕಾಲಿಟ್ಟರೆ ಕಿಸೆ ಕತ್ತರಿಸುತ್ತಾರೆ, ಗಾಡಿ ಹೊರಗೆ ಬಂದ ದಿನವೇ ಪರಿಚಯದ ಮಿಸ್ತ್ರಿಯ ಕೈಗೆ ಒಪ್ಪಿಸಿಬಿಡು ಎಂದು ಇನ್ನು ಕೆಲವರು ಹೇಳಿದರು. ನನ್ನ ಅನುಭವ ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಹೊಂದಲಿಲ್ಲ. ಒಂದೇ ಸೂರಿನಡಿಯಲ್ಲಿದ್ದರೂ ಮಾರಾಟದ ಮೇಜು ಬೇರೆ, ಸರ್ವಿಸ್ ಕೌಂಟರ್ ಬೇರೆ, ಒಳಗೆ ಪಾನಾ ಹಿಡಿದು ಕೆಲಸ ಮಾಡುವ ಮಿಸ್ತ್ರಿ ಬೇರೆ. ಒಬ್ಬರನ್ನು ನಂಬಿದಷ್ಟು ಇನ್ನೊಬ್ಬರನ್ನು ನಂಬಲಾಗದು ಎಂಬುದನ್ನು ನಾನು ನಿಧಾನವಾಗಿ ಕಂಡುಕೊಂಡೆ.

ಡೀಲರ್‌ಶಿಪ್ಪಿನ ಹೆಸರನ್ನಾಗಲಿ, ಗಾಡಿಯ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬೇರೆ ಬೇರೆ ಕಂಪನಿಗಳ ಗಾಡಿ ಇಟ್ಟುಕೊಂಡಿರುವ ನನ್ನ ಸಹೋದ್ಯೋಗಿಗಳ ಅನುಭವವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ, ಇದನ್ನು ಒಂದು ಅಂಗಡಿಯ ಮೇಲಿನ ದೂರಾಗಿ ಓದುವುದು ಸರಿಯಾಗಲಾರದು.

ಡೀಲರ್ ಎಂದರೆ ಕಂಪನಿಯಲ್ಲ. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ತನ್ನದೇ ಬಂಡವಾಳ ಹಾಕಿ ವ್ಯಾಪಾರ ಮಾಡುವ ಸ್ಥಳೀಯ ವ್ಯಾಪಾರಿ ಆತ. ಕಟ್ಟಡದ ಬಾಡಿಗೆ, ಕೆಲಸಗಾರರ ಸಂಬಳ, ದಾಸ್ತಾನಿಗಾಗಿ ಬ್ಯಾಂಕಿನಿಂದ ತಂದ ಸಾಲದ ಬಡ್ಡಿ ಎಲ್ಲವೂ ಆತನ ತಲೆಯ ಮೇಲೆ. ಎಕ್ಸ್‌ಶೋರೂಮ್ ಬೆಲೆಯನ್ನು (ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರುವ ಮೊದಲಿನ ಬೆಲೆ) ಕಂಪನಿ ನಿಗದಿ ಮಾಡುವುದರಿಂದ ಗಾಡಿಯೊಂದರಲ್ಲೇ ಆತನಿಗೆ ಉಳಿಯುವ ಲಾಭ ಸಣ್ಣದು. ಆದ್ದರಿಂದ ವಿಮೆಯ ಕಮಿಷನ್, ಸಾಲದ ಕಮಿಷನ್, ಎಕ್ಸ್ಟ್ರಾ ಫಿಟಿಂಗ್, ಮುಂದೆ ಸರ್ವಿಸ್ ಇವುಗಳ ಮೇಲೆ ಅಂಗಡಿ ನಿಂತಿರುತ್ತದೆ. ಇದು ತಿಳಿದಿದ್ದರೆ ಮಾರಾಟದ ಹುಡುಗ ಯಾವ ಸಾಲಿನ ಮೇಲೆ ಬೆರಳಿಟ್ಟು ಬೇಗ ಮುಂದೆ ಹೋಗುತ್ತಾನೆ ಎಂಬುದು ಅರ್ಥವಾಗುತ್ತದೆ.

ಮೊದಲ ಸಲ ಹೋದಾಗ ನನ್ನ ಕೈಗೆ ಬಂದದ್ದು ಅಂಗೈಯಗಲದ ಒಂದು ಚೀಟಿ. ಎಕ್ಸ್‌ಶೋರೂಮ್ ಬೆಲೆ ಅಚ್ಚಾಗಿತ್ತು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ‘ಆರ್‌ಟಿಒ + ಇನ್ಶೂರೆನ್ಸ್’ ಎಂದು ಒಂದೇ ಮೊತ್ತ, ‘ಕಿಟ್’ ಎಂದು ಇನ್ನೊಂದು ಮೊತ್ತ, ಕೊನೆಗೆ ಆನ್‌ರೋಡ್ ಬೆಲೆಗೆ ಸುತ್ತಲೂ ಒಂದು ವೃತ್ತ. ಸಹಿ ಇಲ್ಲ, ತಾರೀಖು ಇಲ್ಲ, ಸೀಲು ಇಲ್ಲ.

“ತಮ್ಮಾ, ಇದರಾಗ ಟ್ಯಾಕ್ಸ್ ಎಷ್ಟು, ಇನ್ಶೂರೆನ್ಸ್ ಎಷ್ಟು, ಕಿಟ್‌ನ್ಯಾಗ ಏನೇನ್ ಬರ್ತದ, ಬಿಡಿಸಿ ಬರದ್ ಕೊಡು” ಎಂದೆ.

“ಸರ, ಇದು ಪ್ಯಾಕೇಜ್ ಐತ್ರಿ. ಎಲ್ಲಾರೂ ಹಿಂಗ ತಗೋತಾರ್ರಿ” ಎಂಬ ಉತ್ತರ ಬಂತು.

ಆ ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ. ಆತನಿಗೆ ಹಾಗೆ ಹೇಳಲು ಕಲಿಸಿದ್ದಾರೆ. ತಿಂಗಳಿಗೆ ಇಷ್ಟು ಕಿಟ್, ಇಷ್ಟು ಪಾಲಿಸಿ ಎಂಬ ಗುರಿಯೂ ಆತನಿಗಿರುತ್ತದೆ. ಆದರೆ ಸಂಘದಲ್ಲಿ ದಿನವಿಡೀ ಸಾಲದ ಕಾಗದ ನೋಡುವ ನನಗೆ ಬಿಡಿಸಿ ಬರೆಯದ ಮೊತ್ತಕ್ಕೆ ದುಡ್ಡು ಕೊಡುವುದು ಸಾಧ್ಯವಿರಲಿಲ್ಲ. ಸೇಲ್ಸ್ ಮ್ಯಾನೇಜರರ ಹತ್ತಿರ ಹೋಗಿ, ಸೀಲು ಹಾಕಿದ ಪೂರ್ಣ ಕೊಟೇಶನ್ ಬೇಕೆಂದು ಕೇಳಿದೆ. ಸ್ವಲ್ಪ ಹೊತ್ತು ಕಾಯಿಸಿದರೂ ಕೊಟ್ಟರು. ಕೇಳಿದವರಿಗೆ ಕೊಡುತ್ತಾರೆ ಎಂಬುದು ಆಗ ನನಗಾದ ಮೊದಲ ಸಮಾಧಾನ.

ಆ ಕಾಗದದಲ್ಲಿದ್ದ ಪ್ರತಿಯೊಂದು ಸಾಲಿಗೂ ಹೊರಗೆ ತಾಳೆ ನೋಡುವ ದಾರಿ ಇದೆ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಇದು ದೊಡ್ಡ ಮೊತ್ತ, ಮತ್ತು ಇದರಲ್ಲಿ ಡೀಲರರ ಪಾತ್ರವೇನೂ ಇಲ್ಲ. ಆದರೆ ನೋಂದಣಿ ಶುಲ್ಕ ಮೋಟಾರ್‌ಸೈಕಲ್ಲಿಗೆ 300 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200 ರೂಪಾಯಿ. ಸಾಲದ ಮೇಲೆ ಕೊಂಡಿದ್ದರೆ ಹೈಪೋಥಿಕೇಶನ್ (ಗಾಡಿ ಸಾಲ ಕೊಟ್ಟವರಿಗೆ ಅಡವಿದೆ ಎಂಬುದು) ದಾಖಲಿಸಲು 500 ರೂಪಾಯಿ. ಇಷ್ಟು ಸಣ್ಣ ಶುಲ್ಕಗಳು ಶೋರೂಮಿನ ಕಾಗದದಲ್ಲಿ ‘ನೋಂದಣಿ ವೆಚ್ಚ’ ಎಂಬ ಹೆಸರಿನಲ್ಲಿ ಹಲವು ಪಟ್ಟು ಬೆಳೆದು ನಿಂತಿದ್ದವು. ಕೇಳಿದಾಗ ಅದರಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಸೇರಿದೆ ಎಂದರು. ಗೋದಾಮಿನಿಂದ ಶೋರೂಮಿಗೆ ಗಾಡಿ ತರುವುದು ಮಾರುವವನ ಕೆಲಸ. ಅದಕ್ಕೆ ನಾನು ಬೇರೆ ಹಣ ಕೊಡುವುದಿಲ್ಲ ಎಂದು ಹೇಳಿ, ಕೊಡಲೇಬೇಕೆಂದಾದರೆ ಆ ಹೆಸರಿನಲ್ಲೇ ಬಿಲ್ಲಿನಲ್ಲಿ ಬರೆದುಕೊಡಿ ಎಂದು ಕೇಳಿದೆ. ಬರೆದುಕೊಡಲು ಅವರು ಒಪ್ಪಲಿಲ್ಲ. ಆ ಸಾಲನ್ನು ಹೊಡೆದು ಹಾಕಿದರು. ಮುಂದೆ ನೋಂದಣಿಯಾದ ಮೇಲೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಸಂಖ್ಯೆ ಹಾಕಿ ತೆರಿಗೆ ಮತ್ತು ಶುಲ್ಕದ ರಸೀದಿ ತೆಗೆದು ನೋಡಿದಾಗ, ನಾನು ಕೊಟ್ಟದ್ದಕ್ಕೂ ಸರ್ಕಾರಕ್ಕೆ ಸಂದದ್ದಕ್ಕೂ ಲೆಕ್ಕ ಕೂಡಿತ್ತು. ಈ ರಸೀದಿಯನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ನೋಡುವವರು ಕಡಿಮೆ ಎಂಬುದೇ ಆ ಸಾಲು ಬೆಳೆಯಲು ಕಾರಣ ಎಂದು ನನಗೆ ಅನಿಸುತ್ತದೆ.

ವಿಮೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ಗ್ರಾಹಕರಿಗೆ ಹೆಚ್ಚು ಹೆದರಿಕೆ ಹಾಕುವುದು ಇಲ್ಲಿಯೇ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಯ ವಿಮೆ, ಕಡ್ಡಾಯ. ಇದರ ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು. 150ರಿಂದ 350 ಸಿಸಿಯೊಳಗಿನ ಹೊಸ ಗಾಡಿಗೆ 2022ರ ಜೂನ್‌ನಿಂದ ಜಾರಿಗೆ ಬಂದ ದರ 7,365 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಇದು ಶೋರೂಮಿನಲ್ಲಿ ಕೊಂಡರೂ ಅಷ್ಟೇ, ಹೊರಗೆ ಕೊಂಡರೂ ಅಷ್ಟೇ. ವ್ಯತ್ಯಾಸ ಬರುವುದು ನಮ್ಮ ಗಾಡಿಗೇ ಆಗುವ ಹಾನಿಗೆ ಸಿಗುವ ಓನ್ ಡ್ಯಾಮೇಜ್ ಭಾಗದಲ್ಲಿ ಮತ್ತು ಜೀರೊ ಡೆಪ್ರಿಸಿಯೇಶನ್ (ಪಾರ್ಟುಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಮೊದಲಾದ ಸೇರ್ಪಡೆಗಳಲ್ಲಿ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಕಡ್ಡಾಯವೇ. ಆದರೆ ಅಷ್ಟು ಮೊತ್ತದ ಅಪಘಾತ ವಿಮೆ ಈಗಾಗಲೇ ಇದ್ದವರು ಮತ್ತೆ ಕೊಳ್ಳಬೇಕಾಗಿಲ್ಲ. ನನಗೆ ಅಂಥ ಪಾಲಿಸಿ ಇದ್ದರೂ ಕೊಟೇಶನ್ನಿನಲ್ಲಿ ಅದು ಮತ್ತೆ ಸೇರಿತ್ತು.

ಹೊರಗಿನಿಂದ ವಿಮೆ ತರುತ್ತೇನೆ ಎಂದಾಗ ಮೇಜಿನ ಆಚೆಗಿದ್ದವರ ದನಿ ಬದಲಾಯಿತು. ನೋಂದಣಿ ತಡವಾಗುತ್ತದೆ, ಮುಂದೆ ಅಪಘಾತವಾದರೆ ನಮ್ಮಲ್ಲಿ ಕ್ಯಾಶ್‌ಲೆಸ್ ಸಿಗುವುದಿಲ್ಲ ಎಂದರು. ಕ್ಯಾಶ್‌ಲೆಸ್ ಸಿಗುವುದು ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದ ಇದೆಯೋ ಇಲ್ಲವೋ ಎಂಬುದರ ಮೇಲೆ. ಪಾಲಿಸಿಯನ್ನು ಯಾವ ಮೇಜಿನಲ್ಲಿ ಕೊಂಡೆವು ಎಂಬುದರ ಮೇಲಲ್ಲ. ತನ್ನಲ್ಲೇ ವಿಮೆ ಕೊಳ್ಳಬೇಕೆಂದು ಡೀಲರ್ ಒತ್ತಾಯಿಸುವಂತಿಲ್ಲ ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಅವರ ಪಟ್ಟಿಯಲ್ಲೇ ಇದ್ದ ಒಂದು ವಿಮಾ ಕಂಪನಿಯ ಹುಬ್ಬಳ್ಳಿ ಶಾಖೆಯಿಂದ ದರಪಟ್ಟಿ ತಂದು ಮೇಜಿನ ಮೇಲಿಟ್ಟೆ. ಅದೇ ಕಂಪನಿ, ಅದೇ ಐಡಿವಿ (ಗಾಡಿಗೆ ವಿಮೆಯಲ್ಲಿ ಕಟ್ಟಿದ ಬೆಲೆ), ಆದರೆ ಓನ್ ಡ್ಯಾಮೇಜ್ ಭಾಗದಲ್ಲಿ ಎದ್ದು ಕಾಣುವ ಅಂತರ. ಅರ್ಧ ಗಂಟೆಯೊಳಗೆ ಶೋರೂಮಿನವರೇ ಆ ದರಕ್ಕೆ ಇಳಿದರು, ಅಪಘಾತ ವಿಮೆಯನ್ನೂ ತೆಗೆದರು. ನಾನೂ ಅವರಲ್ಲೇ ಪಾಲಿಸಿ ಮಾಡಿಸಿದೆ. ನ್ಯಾಯವಾದ ದರ ಕೊಟ್ಟರೆ ಅವರ ಕಮಿಷನ್ನಿಗೆ ನನ್ನ ತಕರಾರಿಲ್ಲ.

ಕಿಟ್‌ನಲ್ಲಿ ಇದ್ದದ್ದು ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಟೆಫ್ಲಾನ್ ಕೋಟಿಂಗ್, ಹೆಲ್ಮೆಟ್ ಮತ್ತು ಸೀರೆ ಗಾರ್ಡ್. ನನ್ನ ಮನೆಯವರು ಸೀರೆ ಉಟ್ಟು ಹಿಂದೆ ಕುಳಿತುಕೊಳ್ಳುವವರು. ಸೀರೆ ಗಾರ್ಡ್ ನಮಗೆ ಬೇಕೇ ಬೇಕು. ಆದರೆ ಅದು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ವಸ್ತುವಲ್ಲ. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ, ಹಿಂದೆ ಕುಳಿತವರಿಗೆ ಕೈಹಿಡಿ, ಕಾಲಿಡುವ ಫುಟ್‌ರೆಸ್ಟ್ ಇವು ಗಾಡಿಯಲ್ಲಿ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅದೇ ನಿಯಮಗಳ 138ನೇ ನಿಯಮದ ಪ್ರಕಾರ ಗಾಡಿ ಕೊಳ್ಳುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ಟನ್ನು ತಯಾರಕರೇ ಕೊಡಬೇಕು. ಇದನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದ ಮೇಲೆ ಸೀರೆ ಗಾರ್ಡ್ ಉಚಿತವಾಗಿ ಬಂತು. ಹೆಲ್ಮೆಟ್ ಕೂಡ ಬಂತು, ಐಎಸ್‌ಐ ಗುರುತು ಇತ್ತು, ಆದರೆ ಒಳಗಿನ ಮೆತ್ತೆ ತೀರ ತೆಳುವಾಗಿತ್ತು. ದಿನವೂ ಹೆದ್ದಾರಿಯಲ್ಲಿ ಓಡಾಡುವವನಾದ್ದರಿಂದ ನಾನು ಬೇರೆಯದನ್ನೇ ಕೊಂಡೆ. ಟೆಫ್ಲಾನ್ ಕೋಟಿಂಗ್ ಬೇಡವೆಂದೆ. ಎರೆ ನೆಲದ ಕೆಸರಿಗೆ ಬೇಕಾದದ್ದು ನೀರು ಹಾಕಿ ತೊಳೆಯುವುದು.

ಸಾಲದ ಮೇಜಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನಾನು ಉಳಿತಾಯದ ಹಣದಿಂದಲೇ ಕೊಂಡೆ. ಆದರೂ ಪಕ್ಕದಲ್ಲಿ ಕುಂದಗೋಳದ ಕಡೆಯ ಒಬ್ಬ ರೈತರಿಗೆ ಶೇ. 10ರ ಬಡ್ಡಿ ಎಂದು ಹೇಳಿ ಮೂರು ವರ್ಷದ ಕಂತು ಹಾಕುತ್ತಿದ್ದುದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಅದು ಫ್ಲಾಟ್ ಬಡ್ಡಿ. ಕಂತು ತುಂಬುತ್ತ ಹೋದಂತೆ ಸಾಲ ಇಳಿದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆಯೇ ನಿಲ್ಲುತ್ತದೆ. ಬ್ಯಾಂಕಿನವರು ಲೆಕ್ಕ ಹಾಕುವ ಇಳಿಕೆ ಬಾಕಿಯ ರೀತಿಯಲ್ಲಿ ನೋಡಿದರೆ ಅದು ಶೇ. 18ರ ಹತ್ತಿರ ಬರುತ್ತದೆ. ಅವರಿಗೆ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬಿಡಿಸಿ ತೋರಿಸಿದೆ. “ಹಂಗಾದ್ರ ನಮ್ಮೂರ ಸೊಸೈಟಿನೇ ಚಲೋ ಬಿಡ್ರಿ ಯಜಮಾನ್ರ” ಎಂದು ಅವರು ಎದ್ದು ಹೋದರು. ಸಾಲದ ಮೇಜಿನವರು ನನ್ನೊಡನೆ ಆಮೇಲೆ ಮಾತಾಡಲಿಲ್ಲ.

ಹಣ ಕಟ್ಟುವ ಮೊದಲು ನನಗೆ ಕೊಡುವ ಗಾಡಿಯನ್ನೇ ತೋರಿಸಿ ಎಂದು ಕೇಳಿದ್ದು ಬಹಳ ಉಪಯೋಗಕ್ಕೆ ಬಂತು. ಮೊದಲು ಗೋದಾಮಿನಿಂದ ತಂದ ಗಾಡಿಯ ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿದೆ. ಮೊದಲೆರಡು ಅಂಕಿ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಅದು ಹಿಂದಿನ ವರ್ಷದ ಟೈರು. ಗಾಡಿ ತಯಾರಾದ ತಿಂಗಳು ಕೇಳಿದಾಗ ಕಂಪ್ಯೂಟರಿನಲ್ಲಿ ನೋಡಿ, ಅದೂ ಹಳೆಯ ದಾಸ್ತಾನೇ ಎಂದು ಒಪ್ಪಿಕೊಂಡರು. ತಿಂಗಳುಗಟ್ಟಲೆ ನಿಂತ ಗಾಡಿ ಕೆಟ್ಟಿರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬ್ಯಾಟರಿ ಇಳಿದಿರಬಹುದು, ಮುಂದೆ ಮಾರುವಾಗ ಆರ್‌ಸಿಯಲ್ಲಿರುವ ತಯಾರಿಕೆಯ ವರ್ಷವೇ ಬೆಲೆ ಇಳಿಸುತ್ತದೆ, ಮತ್ತು ಹಳೆಯದಕ್ಕೆ ಹೊಸದರ ಬೆಲೆ ಕೊಡಲು ಕಾರಣವಿಲ್ಲ. ಬೇರೆ ಗಾಡಿ ತರಿಸಿದರು. ಅದರ ಚಾಸಿ ನಂಬರನ್ನು ಕೊಟೇಶನ್ನಿನ ಮೇಲೆ ಬರೆಸಿಕೊಂಡು ಹಣ ಕಟ್ಟಿದೆ. ಡೀಲರ್ ಕೊಡುವ ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21ರಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ, ಚಾಸಿ ಮತ್ತು ಎಂಜಿನ್ ನಂಬರು ಇರುತ್ತವೆ. ಗಾಡಿ ಹೊರಗೆ ತರುವ ಮೊದಲು ಅವನ್ನು ಗಾಡಿಯ ಮೇಲಿನ ಅಚ್ಚಿನೊಡನೆ ಹೋಲಿಸಿ ನೋಡಲು ಐದು ನಿಮಿಷ ಸಾಕು. ಕೆಎ-63 ನಂಬರಿನ ಪ್ಲೇಟು ಸ್ವಲ್ಪ ದಿನಗಳಲ್ಲಿ ಬಂತು. ನಾವು ಸಿದ್ಧಾರೂಢ ಮಠಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದೆವು.

ಹೀಗೆ ಮಾರಾಟದ ಮೇಜಿನಲ್ಲಿ ಎಲ್ಲವೂ ಕಾಗದದ ಮೇಲಿತ್ತು. ಕಾಗದ ಓದಬಲ್ಲವರಿಗೆ ಅಲ್ಲಿ ರಕ್ಷಣೆ ಇದೆ. ಸರ್ವಿಸ್ ಹಾಗಲ್ಲ. ಗಾಡಿ ಒಳಗೆ ಹೋಗುತ್ತದೆ, ಸಂಜೆ ತೊಳೆದು ಹೊಳೆಯುತ್ತ ಹೊರಗೆ ಬರುತ್ತದೆ, ನಡುವೆ ಏನಾಯಿತೆಂದು ನಮಗೆ ತಿಳಿಯುವುದಿಲ್ಲ.

ಮೊದಲ ಸರ್ವಿಸ್‌ಗಳು ಉಚಿತ ಎನ್ನುತ್ತಾರೆ. ಉಚಿತವಾಗಿರುವುದು ಕೂಲಿ ಮಾತ್ರ. ಎಂಜಿನ್ ಆಯಿಲ್, ಫಿಲ್ಟರ್ ಮೊದಲಾದ ವಸ್ತುಗಳ ಬೆಲೆ ನಾವೇ ಕೊಡಬೇಕು. ಇದರಲ್ಲಿ ಮೋಸವಿಲ್ಲ. ಆದರೆ ಜಾಬ್ ಕಾರ್ಡ್ (ಗಾಡಿಗೆ ಮಾಡಬೇಕಾದ ಕೆಲಸಗಳ ಪಟ್ಟಿ) ಬರೆಯುವ ಸರ್ವಿಸ್ ಅಡ್ವೈಸರ್ ಗಾಡಿಯ ಹತ್ತಿರವೂ ಬಾರದೆ ‘ಎಂಜಿನ್ ಫ್ಲಶ್’ (ಎಂಜಿನ್ ಒಳಗಿನ ಹಳೆಯ ಆಯಿಲ್ಲಿನ ಕೊಳೆ ತೊಳೆಯುವುದು), ‘ಇಂಜೆಕ್ಟರ್ ಕ್ಲೀನಿಂಗ್’, ‘ಪಾಲಿಶ್’ ಎಂದು ಸೇರಿಸುತ್ತ ಹೋದಾಗ, ಒಂದು ತಿಂಗಳೂ ತುಂಬದ ಎಂಜಿನ್ನಿಗೆ ಫ್ಲಶ್ ಯಾಕೆ ಎಂದು ಕೇಳಬೇಕಾಯಿತು. ಬೇಡವೆಂದರೆ ಹೊಡೆದು ಹಾಕುತ್ತಾರೆ. ಕೇಳದಿದ್ದರೆ ಬಿಲ್ಲಿನಲ್ಲಿ ಉಳಿಯುತ್ತದೆ. ಗಾಡಿಯ ಕೈಪಿಡಿಯ ಕೊನೆಯಲ್ಲಿರುವ ನಿರ್ವಹಣಾ ಪಟ್ಟಿಯಲ್ಲಿ ಎಷ್ಟು ಕಿಲೋಮೀಟರಿಗೆ ಏನು ನೋಡಬೇಕು, ಏನು ಬದಲಾಯಿಸಬೇಕು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಅದರಲ್ಲಿಲ್ಲದ ಯಾವುದಕ್ಕೂ ನಾನು ಒಪ್ಪಿಲ್ಲ.

ನನ್ನ ನಂಬಿಕೆಗೆ ಪೆಟ್ಟು ಬಿದ್ದದ್ದು ಏರ್ ಫಿಲ್ಟರಿನ ವಿಷಯದಲ್ಲಿ. ನಲವಡಿ, ಅಣ್ಣಿಗೇರಿಯ ಕಡೆ ಸುಗ್ಗಿ ಬಂತೆಂದರೆ ರೈತರು ಕಡಲೆಯನ್ನು ರಸ್ತೆಯ ಅಂಚಿನಲ್ಲೇ ಹರವಿ ರಾಶಿ ಮಾಡುತ್ತಾರೆ. ಹೊಟ್ಟು, ದೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ನನ್ನ ಗಾಡಿಯಲ್ಲಿರುವುದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಅದನ್ನು ಗಾಳಿ ಹೊಡೆದು ಸ್ವಚ್ಛ ಮಾಡುವಂತಿಲ್ಲ, ಬದಲಾಯಿಸಬೇಕು, ದೂಳಿನ ದಾರಿಯಲ್ಲಿ ಓಡುವ ಗಾಡಿಗೆ ಅವಧಿಗಿಂತ ಮುಂಚೆಯೇ ಬದಲಾಯಿಸಬೇಕು ಎಂದು ಕೈಪಿಡಿಯಲ್ಲೇ ಇದೆ. ಆದ್ದರಿಂದ ಸುಗ್ಗಿ ಮುಗಿದ ಮೇಲಿನ ಸರ್ವಿಸ್‌ನಲ್ಲಿ ನಾನೇ ಕೇಳಿ ಏರ್ ಫಿಲ್ಟರನ್ನು ಜಾಬ್ ಕಾರ್ಡಿನಲ್ಲಿ ಬರೆಸಿದೆ. ಸಂಜೆ ಬಿಲ್ಲಿನಲ್ಲಿ ಪಾರ್ಟ್ ನಂಬರ್ ಸಮೇತ ಅದು ಬಂದಿತ್ತು, ಹಣ ಕಟ್ಟಿದೆ.

ಮರುದಿನ ಹೆದ್ದಾರಿಯಲ್ಲಿ ಗಾಡಿಯ ಎಳೆತ ಮೊದಲಿನಂತೆಯೇ ಮಂದವಾಗಿತ್ತು. ಭಾನುವಾರ ಮನೆಯ ಅಂಗಳದಲ್ಲಿ ಪಕ್ಕದ ಪ್ಯಾನೆಲ್ ಬಿಚ್ಚಿ, ಫಿಲ್ಟರ್ ಡಬ್ಬಿಯ ಸ್ಕ್ರೂಗಳನ್ನು ತೆಗೆದೆ. ಒಳಗಿದ್ದದ್ದು ಹಳೆಯ ಫಿಲ್ಟರ್. ಕಾಗದದ ಮಡಿಕೆಗಳು ಎರೆ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಕೆಳಗಿನ ಮಡಿಕೆಯೊಂದರಲ್ಲಿ ಕಡಲೆ ಹೊಟ್ಟಿನ ಚೂರು ಎಣ್ಣೆಗೆ ಅಂಟಿಕೊಂಡು ಕುಳಿತಿತ್ತು. ಡಬ್ಬಿಯ ಮುಚ್ಚಳದ ಅಂಚಿನಲ್ಲಿ ದೂಳಿನ ಗೆರೆ ಎಲ್ಲಿಯೂ ಮುರಿದಿರಲಿಲ್ಲ. ಅಂದರೆ ಆ ಮುಚ್ಚಳವನ್ನು ತೆಗೆದೇ ಇರಲಿಲ್ಲ. ಫೋಟೊ ತೆಗೆದು, ಫಿಲ್ಟರನ್ನು ಒಂದು ಚೀಲದಲ್ಲಿ ಹಾಕಿಟ್ಟು, ಸೋಮವಾರ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ವರ್ಕ್‌ಶಾಪಿಗೆ ಹೋದೆ.

ಕೌಂಟರಿನಲ್ಲಿ ಮೊದಲು ಬಂದ ಉತ್ತರ, ಹೊಸದನ್ನೇ ಹಾಕಿದ್ದೇವೆ, ದೂಳಿನ ದಾರಿ ಅಲ್ಲವೇ, ಎರಡು ದಿನಕ್ಕೇ ಹೀಗಾಗಿದೆ ಎಂಬುದು. ಫಿಲ್ಟರನ್ನು ಕೌಂಟರಿನ ಮೇಲಿಟ್ಟೆ. ನನ್ನ ಗಾಡಿಯ ಕೆಲಸ ಮಾಡಿದ ಮಿಸ್ತ್ರಿಯನ್ನು ಕರೆಸಿ ಎಂದೆ. ಗ್ರಾಹಕರು ಮಿಸ್ತ್ರಿಯೊಡನೆ ನೇರವಾಗಿ ಮಾತಾಡುವಂತಿಲ್ಲ ಎಂದರು. ವರ್ಕ್ಸ್ ಮ್ಯಾನೇಜರ್ ಬರುವವರೆಗೆ ಅಲ್ಲಿಯೇ ನಿಂತೆ. ಅವರು ಮಿಸ್ತ್ರಿಯನ್ನು ಕರೆಸಿದರು. ಇಪ್ಪತ್ತೈದರ ಒಳಗಿನ ಹುಡುಗ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದು, ಫಿಲ್ಟರ್ ನೋಡಿದ ಕೂಡಲೆ ಹೇಳಿದ:

“ಹೌದ್ರಿ ಸರ, ಇದು ಹಳೇದ ಐತ್ರಿ. ಅವತ್ತ ಸ್ಟೋರಿನ್ಯಾಗ ಫಿಲ್ಟರ್ ಇರ್ಲಿಲ್ರಿ. ನಾ ಕಾರ್ಡಿನ ಮ್ಯಾಲ ಬರದಿದ್ನಿ.”

ಜಾಬ್ ಕಾರ್ಡಿನ ವರ್ಕ್‌ಶಾಪ್ ಪ್ರತಿಯನ್ನು ತರಿಸಿದರು. ಆತ ಹೇಳಿದ್ದು ನಿಜ: ‘ಏರ್ ಫಿಲ್ಟರ್’ ಎಂಬ ಸಾಲಿನ ಮುಂದೆ ‘ಸ್ಟಾಕ್ ಇಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಬೆಳಿಗ್ಗೆ ಕಾರ್ಡ್ ತೆರೆಯುವಾಗಲೇ ಅಂದಾಜು ಬಿಲ್ ತಯಾರಾಗಿ, ಸಂಜೆ ಅದನ್ನು ಯಾರೂ ತಿದ್ದದೆ ನನ್ನ ಕೈಗೆ ಕೊಟ್ಟಿದ್ದರು. ಇದು ಕಳ್ಳತನವೋ ಅಲಕ್ಷ್ಯವೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಕೇಳದೆ ಹೋದ ಗ್ರಾಹಕನಿಗೆ ಎರಡರ ಫಲವೂ ಒಂದೇ: ಹಾಕದ ವಸ್ತುವಿಗೆ ಹಣ ಹೋಗುತ್ತದೆ, ದೂಳು ಎಂಜಿನ್ನಿಗೆ ಹೋಗುತ್ತದೆ.

ಅಂದು ಆ ಹುಡುಗನೊಡನೆ ಹೊರಗೆ ಚಹಾದಂಗಡಿಯ ಹತ್ತಿರ ಸ್ವಲ್ಪ ಹೊತ್ತು ಮಾತಾಡಿದೆ. ಹಬ್ಬದ ಮುಂದೆ, ಶನಿವಾರ, ಸೋಮವಾರ ಒಬ್ಬೊಬ್ಬರ ಪಾಲಿಗೆ ಹತ್ತಕ್ಕೂ ಮೀರಿ ಗಾಡಿ ಬರುತ್ತವೆ ಎಂದ. ವಾಲ್ವ್ ಕ್ಲಿಯರೆನ್ಸ್ (ಎಂಜಿನ್ನಿನ ವಾಲ್ವುಗಳ ಬಳಿಯ ಸಣ್ಣ ಸಂದು) ನೋಡಬೇಕೆಂದರೆ ಎಂಜಿನ್ ಪೂರ್ತಿ ತಣ್ಣಗಾಗಬೇಕು. ಅಷ್ಟು ಹೊತ್ತು ಒಂದು ಗಾಡಿಯನ್ನು ನಿಲ್ಲಿಸಿಕೊಳ್ಳಲು ಜಾಗವೂ ಇಲ್ಲ, ಸಮಯವೂ ಇಲ್ಲ. “ನಮಗ ಕೆಲಸ ಬರ್ತದ್ರಿ ಸರ, ಮಾಡಾಕ ಬಿಡಬೇಕಲ್ರಿ” ಎಂದ. ಕಂಪನಿಯ ತರಬೇತಿ ಪಡೆದು ಬಂದ ಹುಡುಗ ಆತ. ಆತನಿಗೆ ತಿಳಿದದ್ದು ಕೌಂಟರನ್ನು ದಾಟಿ ನನ್ನವರೆಗೆ ಬರುವುದಿಲ್ಲ, ನಾನು ಹೇಳಿದ್ದು ಕೌಂಟರನ್ನು ದಾಟಿ ಆತನವರೆಗೆ ಹೋಗುವುದಿಲ್ಲ. ಡೀಲರ್‌ಶಿಪ್ಪಿನ ಸರ್ವಿಸ್ ಬಗ್ಗೆ ನನ್ನ ಮುಖ್ಯ ಆಕ್ಷೇಪವೇ ಇದು.

ಫಿಲ್ಟರಿನ ಹಣವನ್ನು ಮ್ಯಾನೇಜರ್ ಅಲ್ಲಿಯೇ ಹಿಂದಿರುಗಿಸಲು ಬಂದರು. ಆದರೆ ವಿಷಯ ಕಾಗದದ ಮೇಲೆ ಬರಬೇಕೆಂದು ನಾನು ಬಿಲ್, ಜಾಬ್ ಕಾರ್ಡ್, ಫೋಟೊಗಳನ್ನು ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆ. ಬೈಗುಳ, ಬೆದರಿಕೆ ಏನೂ ಇಲ್ಲದೆ ತಾರೀಖು, ಬಿಲ್ ನಂಬರ್, ಏನಾಗಿದೆ, ನನಗೆ ಏನು ಬೇಕು ಎಂಬ ನಾಲ್ಕು ವಿಷಯಗಳನ್ನಷ್ಟೇ ಬರೆದಿದ್ದೆ. ಒಂದು ವಾರದೊಳಗೆ ಕಂಪನಿಯ ಪ್ರಾದೇಶಿಕ ಸರ್ವಿಸ್ ಅಧಿಕಾರಿ ಫೋನ್ ಮಾಡಿ, ವರ್ಕ್‌ಶಾಪಿಗೆ ಬಂದು ಭೇಟಿಯಾದರು. ಹೊಸ ಫಿಲ್ಟರನ್ನು ನನ್ನ ಎದುರಿಗೇ, ಆ ಹುಡುಗನ ಕೈಯಿಂದಲೇ ಹಾಕಿಸಿದರು. ಹಳೆಯ ಬಿಲ್ಲಿನ ಹಣ ಖಾತೆಗೆ ಬಂತು. ಇಷ್ಟಕ್ಕೂ ಆಗದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಲು, ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಸಿದ್ಧನಾಗಿದ್ದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ವಿಷಯಕ್ಕೆ ಶುಲ್ಕವಿಲ್ಲ, ಘಟನೆಯಾದ ಎರಡು ವರ್ಷದೊಳಗೆ ಕೊಡಬೇಕು. ಅದರ ಅಗತ್ಯ ಬರಲಿಲ್ಲ.

ಇದೇ ವರ್ಕ್‌ಶಾಪಿನ ಬಗ್ಗೆ ಒಳ್ಳೆಯದನ್ನೂ ಅಷ್ಟೇ ಬಿಡಿಸಿ ಹೇಳಬೇಕು. ಮುಂದಿನ ಮಳೆಗಾಲದಲ್ಲಿ ನಲವಡಿಯ ಹತ್ತಿರ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ನಿಂತಿತು. ಸೆಲ್ಫ್ ತಿರುಗುತ್ತದೆ,ಎಂಜಿನ್ ಹೊತ್ತುವುದಿಲ್ಲ. ಕೀ ತಿರುಗಿಸಿದಾಗ ಟ್ಯಾಂಕಿನೊಳಗೆ ಫ್ಯೂಯಲ್ ಪಂಪ್ ಒಂದೆರಡು ಕ್ಷಣ ಗುಂಯ್ ಎನ್ನಬೇಕು. ಆ ಸದ್ದೇ ಇರಲಿಲ್ಲ. ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ಹುಬ್ಬಳ್ಳಿಗೆ ತಂದೆ. ಅದೇ ಹುಡುಗ ಸ್ಕ್ಯಾನರ್ ಜೋಡಿಸಿ, ಪಂಪಿಗೆ ಕರೆಂಟ್ ಬರುತ್ತಿದೆಯೋ ಇಲ್ಲವೋ ಎಂದು ನನ್ನ ಎದುರಿಗೇ ಅಳೆದು, ಪಂಪ್ ಸತ್ತಿದೆ ಎಂದು ತೋರಿಸಿದ. ವಾರಂಟಿಯಲ್ಲಿ ಪಂಪ್ ಬರಲು ಕೆಲವು ದಿನ ಬೇಕಾಯಿತು. ಆದರೆ ಒಂದು ರೂಪಾಯಿಯನ್ನೂ ಕೇಳಲಿಲ್ಲ, ಪೆಟ್ರೋಲ್ ಕಲಬೆರಕೆ ಎಂಬ ನೆಪವನ್ನೂ ಹೇಳಲಿಲ್ಲ. ಹೊರಗೆ ಮಾಡಿಸಿದ್ದರೆ ಸಾವಿರಾರು ರೂಪಾಯಿಯ ಕೆಲಸ ಅದು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರ ಸ್ಪ್ಲೆಂಡರನ್ನು ವರ್ಷಗಟ್ಟಲೆ ನೋಡಿಕೊಂಡ ಮಿಸ್ತ್ರಿ ಒಬ್ಬರಿದ್ದಾರೆ. ಎಂಜಿನ್ ಸದ್ದು ಕೇಳಿಯೇ ಟೈಮಿಂಗ್ ಚೈನ್ ಸಡಿಲಾಗಿದೆ ಎಂದು ಹೇಳಬಲ್ಲವರು, ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡೇ ಕೆಲಸ ಮಾಡುವವರು. ಹೊಸ ಗಾಡಿಯನ್ನು ಅವರಿಗೇ ಕೊಡಬಾರದೇಕೆ ಎಂದು ಬಹಳ ಸಲ ಯೋಚಿಸಿದ್ದೇನೆ. ಅವರೇ ಬೇಡವೆಂದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಕಂಪನಿಯ ಸ್ಕ್ಯಾನರ್ ತಮ್ಮಲ್ಲಿಲ್ಲ, “ವಾರಂಟಿ ಇರೋತನಕ ಅಲ್ಲೇ ಮಾಡಸ್ರಿ” ಎಂದರು. ಅವರು ಬಿಲ್ ಕೊಡುವುದಿಲ್ಲ, ಆದ್ದರಿಂದ ಅಲ್ಲಿ ತಪ್ಪಾದರೆ ಕೇಳಲು ಅವರ ಒಳ್ಳೆಯತನವೊಂದೇ ಆಧಾರ. ಸುರಕ್ಷೆಗೆ ಸಂಬಂಧಿಸಿದ ದೋಷ ಕಂಡುಬಂದಾಗ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸುವುದನ್ನು 2021ರ ಏಪ್ರಿಲ್‌ನಿಂದ ನಿಯಮವಾಗಿ ಮಾಡಿದ್ದಾರೆ; ಅಂಥ ಕೆಲಸ ನಡೆಯುವುದು ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಮಾತ್ರ.

ಈಗ ಸರ್ವಿಸ್‌ಗೆ ವಾರದ ನಡುವಿನ ದಿನ ರಜೆ ಹಾಕಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುತ್ತೇನೆ. ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್, ಪೆಟ್ರೋಲ್ ಮಟ್ಟ, ನಾನು ಹೇಳಿದ ದೂರುಗಳು ನನ್ನ ಮಾತಿನಲ್ಲೇ ಬರೆದಿವೆಯೋ ಎಂದು ನೋಡಿ ಸಹಿ ಮಾಡುತ್ತೇನೆ. ಬದಲಾಯಿಸಿದ ಹಳೆಯ ಪಾರ್ಟುಗಳು ನನಗೆ ಬೇಕು ಎಂದು ಅದೇ ಕಾರ್ಡಿನ ಮೇಲೆ ಬರೆಸುತ್ತೇನೆ. ಅಂದಾಜಿಗಿಂತ ಹೆಚ್ಚಿನ ಯಾವ ಕೆಲಸಕ್ಕೂ ಮೊದಲು ಫೋನ್ ಮಾಡಿ ಕೇಳಬೇಕು ಎಂಬುದೂ ಅಲ್ಲಿರುತ್ತದೆ. ಬಿಲ್ ಕಟ್ಟುವ ಮೊದಲು ಮಿಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಓಡಿಸಿ ನೋಡುತ್ತೇನೆ. ಬ್ರೇಕ್, ಚೈನಿನ ಸಡಿಲು, ಹ್ಯಾಂಡಲ್ ಒಂದು ಕಡೆ ಎಳೆಯುವುದು ಇವು ಹಾಗೆಯೇ ತಿಳಿಯುತ್ತವೆ. ಎಂಜಿನ್ ಆಯಿಲ್ ಬ್ಯಾರಲ್ಲಿನಿಂದ ಬೇಡ, ಸೀಲು ಇರುವ ಡಬ್ಬಿ ನನ್ನ ಎದುರಿಗೆ ಒಡೆಯಲಿ ಎಂದು ಕೇಳುತ್ತೇನೆ, ಏಕೆಂದರೆ ಬೈಕಿನ ಕ್ಲಚ್ ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುವುದರಿಂದ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಅಲ್ಲದೆ ಬೇರೆಯದು ಬಿದ್ದರೆ ಕ್ಲಚ್ ಜಾರಲು ಶುರುವಾಗುತ್ತದೆ. ಮೊದಲು ಇದಕ್ಕೆಲ್ಲ ಮುಖ ಗಂಟಿಕ್ಕುತ್ತಿದ್ದ ಅಡ್ವೈಸರ್ ಈಗ ತಾವೇ ಹಳೆಯ ಪಾರ್ಟುಗಳನ್ನು ಚೀಲದಲ್ಲಿ ಹಾಕಿ ಕೊಡುತ್ತಾರೆ. ನನ್ನನ್ನು ಕಂಡು ಉಳಿದ ಕೆಲವು ಗ್ರಾಹಕರೂ ಕೇಳತೊಡಗಿದ್ದಾರೆ ಎಂದು ಅವರೇ ಹೇಳಿದರು.

ಮೊದಲ ವರ್ಷ ಮುಗಿಯುತ್ತ ಬಂದಾಗ ಶೋರೂಮಿನಿಂದ ‘ನಿಮ್ಮ ಇನ್ಶೂರೆನ್ಸ್ ಮುಗಿಯುತ್ತಿದೆ, ಪೊಲೀಸರು ಹಿಡಿದರೆ ದಂಡ ಬೀಳುತ್ತದೆ’ ಎಂದು ಮೇಲಿಂದ ಮೇಲೆ ಕರೆ ಬಂದವು. ಮುಗಿಯುವುದು ಒಂದು ವರ್ಷದ ಓನ್ ಡ್ಯಾಮೇಜ್ ಭಾಗ ಮಾತ್ರ. ಥರ್ಡ್ ಪಾರ್ಟಿ ವಿಮೆ 2028ರವರೆಗೆ ಜಾರಿಯಲ್ಲಿದೆ, ಪೊಲೀಸರು ನೋಡುವುದು ಅದನ್ನೇ. ಕರೆ ಮಾಡಿದ ಹುಡುಗಿಗೆ ಇದನ್ನು ಹೇಳಿದಾಗ, ತನಗೆ ಕೊಟ್ಟ ಕಾಗದದಲ್ಲಿ ಹಾಗೆಯೇ ಓದಲು ಬರೆದಿದೆ ಎಂದಳು. ಓನ್ ಡ್ಯಾಮೇಜ್ ಭಾಗವನ್ನು ಅದೇ ವಿಮಾ ಕಂಪನಿಯಲ್ಲಿ, ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಕಳೆದು, ನಾನೇ ನವೀಕರಿಸಿದೆ. ಗಾಡಿಯ ಸರ್ವಿಸ್ ಮಾತ್ರ ಅಲ್ಲಿಯೇ ಮುಂದುವರಿದಿದೆ. ಮುಂದಿನ ಸಲ ಚೈನ್ ಮತ್ತು ಸ್ಪ್ರಾಕೆಟ್ ಬದಲಾಯಿಸಬೇಕಿದೆ, ಸ್ಟೋರಿನಲ್ಲಿ ಬಂದ ದಿನ ತಿಳಿಸುತ್ತೇನೆಂದು ಆ ಹುಡುಗ ಹೇಳಿದ್ದಾನೆ.